ನ್ಯೂ ಟೌನಿನ ಚಹಾ ದಂಗೆ

“ಥೂ ಬೇವರ್ಸಿ! ಕಾರು ನಿಲ್ಲಿಸುವ ಜಾಗ ಎಂತ ನಿನ್ನಪ್ಪನ ಬಚ್ಚಲಾ?”

ಬೈದದ್ದು ಮನೆಗೆಲಸದ ಝರ್ನಾಳಿಗೆ, ಅದೂ ಕನ್ನಡದಲ್ಲಿ. ಸಿಟ್ಟು ನೆತ್ತಿಗೇರಿದರೆ ವಿಶ್ವನಾಥರಿಗೆ ಹಿಂದಿ ಬಾಯಿಗೆ ಬರುವುದಿಲ್ಲ. ಊರು ಮಂಗಳೂರು ಕಡೆ, ಕೆಲಸ ಬ್ಯಾಂಕಿನಲ್ಲಿ, ಬಂಗಾಳದ ನ್ಯೂ ಟೌನಿನ ಈ ಫ್ಲ್ಯಾಟು ಟವರುಗಳಿಗೆಲ್ಲ ಸೆಕ್ರೆಟರಿ. ತುಂಬು ಬಸುರಿ ಝರ್ನಾ ಕಾರಿನ ಮರೆಯಿಂದ ಸೀರೆ ಸರಿಮಾಡಿಕೊಳ್ಳುತ್ತ ಎದ್ದಳು. ಬೈಗುಳ ಅರ್ಥವಾಗದಿದ್ದರೂ ಅತ್ತಳು. ನಾನು ನಡುವೆ ಹೋಗಿ ನಿಂತೆ.

“ಕೆಲಸದವರ ಕಕ್ಕಸಿಗೆ ಬೀಗ ಹಾಕಿದ್ದು ನೀವೇ ಅಲ್ವಾ ಸರ್? ಮತ್ತೆ ಅವಳು ಎಲ್ಲಿಗೆ ಹೋಗುದು?”

“ಗಲೀಜು ಮಾಡ್ತೀರಿ ನೀವು. ನಿಮ್ಮ ನಿಮ್ಮ ಮನೆಯಲ್ಲಿ ಮುಗಿಸಿ ಬನ್ನಿ. ಬಾಯಿ ಮುಚ್ಚು ರುಕ್ಮಿಣಿ! ನಾಳೆಯಿಂದ ಬರುದು ಬೇಡ ಅಂದ್ರೆ ಎಂತ ಮಾಡ್ತಿ?”

ನಾನು ಅವರ ಮನೆಯ ಅಡುಗೆಯವಳು. ಗಂಡ ಪಾರ್ಕ್ ಸ್ಟ್ರೀಟಿನ ಹೋಟೆಲಿನಲ್ಲಿ ದೋಸೆ ಹುಯ್ಯುತ್ತಾನೆ. ಇಲ್ಲಿಯ ಕೆಲಸದ ಹೆಂಗಸರೆಲ್ಲ ಬೆಳಗಿನಿಂದ ಸಂಜೆವರೆಗೆ ಮನೆಮನೆಯಲ್ಲಿ ಚಹಾ ಕುದಿಸುತ್ತೇವೆ, ಒಂದು ಗುಟುಕೂ ಕುಡಿಯುವುದಿಲ್ಲ. ಕುಡಿದರೆ ಹೋಗಬೇಕಲ್ಲ! ನೀರು ಕುಡಿ, ತಡೆದುಕೊಳ್ಳಬೇಡ, ಮಗುವಿಗೆ ಕೇಡು ಎಂದು ಡಾಕ್ಟರು ಝರ್ನಾಳಿಗೆ ಹೇಳಿದ್ದರು. ಬೀಗದ ಕೈ ಕೇಳಿ ಕೇಳಿ ನಮಗೂ ಸಾಕಾಗಿತ್ತು.

ಆ ವಾರವೇ ಈಜುಕೊಳದ ಬದಿಯಲ್ಲಿ ಮಕ್ಕಳ ನಾಟಕ. ಬರೆದವಳು ವಿಶ್ವನಾಥರ ಮಗಳು ಪ್ರಣೀತಾ, ಕತೆ ಅಮೆರಿಕದ್ದು. ಕೆಂಪು ಕೋಟು, ಕತ್ತಿ ಸಿಗುತ್ತದೆಂದು ಮಕ್ಕಳೆಲ್ಲ ರಾಜನ ಸೈನಿಕರಾಗಿಬಿಟ್ಟರು. ದಂಗೆ ಏಳಲು ಒಬ್ಬರೂ ಉಳಿಯಲಿಲ್ಲ. ಹಾಗಾಗಿ ನಮಗೆ ಬುಲಾವ್ ಬಂತು. ಪ್ರಣೀತಾ ನನಗೆ ಕತೆ ಬಿಡಿಸಿ ಹೇಳಿದಳು.

“ಸಿಂಪಲ್ ಅಕ್ಕಾ. ಈ ದಂಗೆಯವ್ರು ಇಂಗ್ಲೆಂಡಿಂದ ಹೋಗಿ ಅಮೆರಿಕದಲ್ಲಿ ಸೆಟಲ್ ಆದವ್ರು. ಆದ್ರೂ ಸಮುದ್ರದ ಆಚೆ ಇರೋ ರಾಜನೇ ಬಾಸ್. ಟೀ ಮೇಲೆ ಟ್ಯಾಕ್ಸ್ ಹಾಕ್ತಾನೆ. ಅವನ ಸಭೆಯಲ್ಲಿ ಇವರ ಕಡೆಯವ್ರು ಒಬ್ರೂ ಇಲ್ಲ.”

“ಹೋಗಿ ಕೇಳ್ಲಿಲ್ವಾ ಮಗಾ?”

“ತುಂಬಾ ಸಲ ಕೇಳಿದ್ರು. ರಾಜ ಇಗ್ನೋರ್ ಮಾಡ್ದ. ಸೋ, ಹಡಗಿನ ಟೀ ಎಲ್ಲ ಸಮುದ್ರಕ್ಕೆ! ಆಮೇಲೆ ಯುದ್ಧ, ರೆವಲ್ಯೂಶನ್. ಅದನ್ನ ತೋರಿಸ್ಬೇಡ ಅಂದ್ರು ಪಪ್ಪ. ನೀವು ಖಾಲಿ ಡಬ್ಬ ಸ್ವಿಮ್ಮಿಂಗ್ ಪೂಲಿಗೆ ಎಸೆದ್ರೆ ಸಾಕು.”

ನನ್ನ ಮುರುಕು ಬಂಗಾಳಿಯಲ್ಲಿ ಉಳಿದವರಿಗೆ ಕತೆ ಹೇಳಿದೆ. ಮೊದಲು ನಕ್ಕವಳು ಝರ್ನಾ. ಆಮೇಲೆ ಎಲ್ಲರೂ ತಲೆಗೆ ತಲೆ ಕೊಟ್ಟು ಬಹಳ ಹೊತ್ತು ಗುಸುಗುಸು ಮಾಡಿದೆವು.

ನಾಟಕದ ದಿನ ಗೇಟಿನ ಹೊರಗಿನ ಅಂಗಡಿಯಲ್ಲಿ ಹೊಟ್ಟೆ ಬಿರಿಯುವಷ್ಟು ಚಹಾ ಕುಡಿದೇ ಒಳಗೆ ಬಂದೆವು. ಎಷ್ಟು ರುಚಿಯಾಗಿತ್ತು ಮಾರಾಯರೇ! ರಾಜ ಬೇರೆ ಯಾರು, ವಿಶ್ವನಾಥರೇ. ತಲೆ ಮೇಲೆ ಕಾಗದದ ಕಿರೀಟ. ನಾವು ಡಬ್ಬ ಎಸೆದೆವು, ಚಪ್ಪಾಳೆ ಬಿತ್ತು. ಚಪ್ಪಾಳೆ ನಿಲ್ಲುವ ಮೊದಲೇ ಝರ್ನಾ ಕಂಬಿ ಹಿಡಿದು ಕೊಳದ ಮೆಟ್ಟಿಲು ಇಳಿದಳು. ಅವಳ ಹಿಂದೆ ಸೀರೆಯಲ್ಲೇ ನಾವೆಲ್ಲರೂ ಇಳಿದೆವು. ಸೊಂಟದವರೆಗೆ ನೀರು, ಹಾಯಾಗಿ ನಿಂತೆವು.

“ಏಯ್, ಹತ್ತಿ ಮೇಲೆ! ನಾಟಕದಲ್ಲಿ ಇದಿಲ್ಲ!”

“ಕಕ್ಕಸಿನ ಬೀಗ ತೆಗೀರಿ ಸರ್, ಹತ್ತುತ್ತೇವೆ.”

“ತೆಗೀದಿದ್ರೆ ಎಂತ ಮಾಡ್ತೀರಿ ರಂಡೆಗಳಾ?”

“ಎಂತ ಇಲ್ಲ. ಇವತ್ತು ಎಲ್ಲರೂ ಚಹಾ ಕುಡಿದು ಬಂದಿದ್ದೇವೆ.”

ನೀರಿಗೆ ಕಾಲು ಇಳಿಬಿಟ್ಟು ಕೂತಿದ್ದ ಮನೆಯೊಡತಿಯರು ದಡಬಡ ಕಾಲೆಳೆದುಕೊಂಡರು. ಯಾರೋ ಮಕ್ಕಳನ್ನು ಹಿಂದಕ್ಕೆ ಜಗ್ಗಿದರು. ವಿಶ್ವನಾಥರು ಕಿರೀಟ ತೆಗೆಯುವುದನ್ನೂ ಮರೆತು ಬೀಗದ ಕೈ ತರಲು ಓಡಿದರು. ನನ್ನ ಪಕ್ಕದಲ್ಲಿ ಝರ್ನಾ ಕಣ್ಣು ಮುಚ್ಚಿ, ನಿಧಾನವಾಗಿ, ಉದ್ದಕ್ಕೆ ಉಸಿರು ಬಿಟ್ಟಳು.

“ಮೆಲ್ಲ ಹೋಗಿ ಸರ್, ಜಾರ್ತದೆ!” ನಾನು ಕೂಗಿದೆ. “ನಮಗಿನ್ನು ಅವಸರ ಇಲ್ಲ.”