ಪುಸ್ತಕದಲ್ಲಿ ಇಲ್ಲದ ಹೆಸರು

ಓಕ್ತಾವ್ ಸೆರ್ವಿಯೆರನ ಹೊಸ ಪುಸ್ತಕವನ್ನು ಪ್ಯಾರಿಸ್ಸಿನ ಪತ್ರಿಕೆಗಳೆಲ್ಲ ಹೊಗಳಿದವು. ಅರ್ಧ ಆಯುಸ್ಸು ಕಮ್ಯುನಿಸ್ಟ್ ರಷ್ಯಾದ ಪರವಾಗಿ ವಾದಿಸಿದ ಚಿಂತಕ, ಅರವತ್ತು ದಾಟಿದ ಮೇಲೆ, 'ನಾವೆಲ್ಲ ಕುರುಡರಾಗಿದ್ದೆವು' ಎಂದು ಬರೆದಿದ್ದ. ಕಾಫಿ ಅಂಗಡಿಯಲ್ಲಿ ಗುರುತಿಲ್ಲದವರೂ ಎದ್ದು ಬಂದು ಕೈ ಕುಲುಕುತ್ತಿದ್ದರು. ಓಕ್ತಾವನಿಗೆ ಮಾತ್ರ ಆ ವಸಂತವೆಲ್ಲ ಊಟ ರುಚಿಸಲಿಲ್ಲ. ಪುಸ್ತಕದಲ್ಲಿ ಫಿರ್ಮಾಂ ಬರ್ತೇಲ್ ಎಂಬ ಹೆಸರು ಎಲ್ಲೂ ಇರಲಿಲ್ಲ.

ಫಿರ್ಮಾಂ ಅವನ ಶಾಲೆಯ ಗೆಳೆಯ. ಜರ್ಮನ್ನರು ಪ್ಯಾರಿಸ್ಸನ್ನು ಹಿಡಿದಿದ್ದ ಕಾಲದಲ್ಲಿ ಇಬ್ಬರೂ ಒಂದೇ ಕೋಣೆಯಲ್ಲಿ ಅಡಗಿ, ಕದ್ದು ಕರಪತ್ರ ಅಚ್ಚು ಹಾಕಿದವರು. ಯುದ್ಧ ಮುಗಿದ ಮೇಲೆ ಫಿರ್ಮಾಂ ದುಭಾಷಿಯಾಗಿ ರಷ್ಯಾಕ್ಕೆ ಹೋದ. ಮರಳಿದವನು ಸೀದಾ ಓಕ್ತಾವನ ಮನೆಗೆ ಬಂದು, ತಾನು ಕಂಡ ಮುಳ್ಳುತಂತಿಯ ಶಿಬಿರಗಳ ಬಗ್ಗೆ, ಹಿಮದಲ್ಲಿ ಮರ ಕಡಿಯುತ್ತಿದ್ದ ಕೈದಿಗಳ ಬಗ್ಗೆ ಹೇಳಿದ. ಆಮೇಲೆ ಅದನ್ನೇ ಬರೆದು ಪ್ರಕಟಿಸಿದ. ಓಕ್ತಾವ್ ತನ್ನ ಮಾಸಪತ್ರಿಕೆಯಲ್ಲಿ ಉತ್ತರ ಕೊಟ್ಟ. ಗೆಳೆಯನನ್ನು ಸುಳ್ಳುಗಾರ ಎನ್ನಲಿಲ್ಲ. 'ದಣಿದ ನರಗಳ ಕಲ್ಪನೆ' ಎಂದ. ಅಷ್ಟೇ ಸಾಕಾಯಿತು. ಫಿರ್ಮಾಂ ವಿಶ್ವವಿದ್ಯಾಲಯದಲ್ಲಿ ಪಾಠಕ್ಕೆ ನಿಂತರೆ ವಿದ್ಯಾರ್ಥಿಗಳು ಬೆಂಚು ಬಡಿದು ನಗತೊಡಗಿದರು. ವರ್ಷ ತುಂಬುವುದರೊಳಗೆ ಅವನು ವಿಶ್ವವಿದ್ಯಾಲಯ ಬಿಟ್ಟು, ದೂರದ ಗುಡ್ಡಗಾಡಿನ ಓರಿಯಾಕ್ ಪಟ್ಟಣದಲ್ಲಿ ಮಕ್ಕಳಿಗೆ ಲ್ಯಾಟಿನ್ ಕಲಿಸುವ ಕೆಲಸ ಹಿಡಿದ.

ಪುಸ್ತಕ ಬಂದ ವರ್ಷದ ಜೂನ್ ತಿಂಗಳಲ್ಲಿ ಓಕ್ತಾವ್ ಆ ಊರಿನ ರೈಲು ಹತ್ತಿದ.

ಬಾಗಿಲು ತೆರೆದವಳು ಫಿರ್ಮಾಂನ ಹೆಂಡತಿ ಆಲಿನ್. ಪತ್ರಿಕೆಯಲ್ಲಿ ಕಂಡ ಮುಖವನ್ನು ಗುರುತು ಹಿಡಿದು, ಸ್ವಲ್ಪ ಹೊತ್ತು ದಾರಿ ಬಿಡದೆ ನಿಂತಳು.

"ಹಿತ್ತಲಲ್ಲಿದ್ದಾರೆ, ಹೋಗಿ," ಎಂದಳು ಕೊನೆಗೆ. "ಅವರ ಹೃದಯ ಸರಿಯಿಲ್ಲ. ವಾದಕ್ಕೆ ಇಳೀಬೇಡಿ."

ಫಿರ್ಮಾಂ ಹುರುಳಿಕಾಯಿಯ ಬಳ್ಳಿಗೆ ಕೋಲು ಕಟ್ಟುತ್ತಿದ್ದ. ತಲೆಯೆತ್ತಿ ನೋಡಿ, "ದಪ್ಪ ಆಗಿದ್ದೀಯಲ್ಲೋ. ಹೊಗಳಿಕೆ ಮೈಗೆ ಹತ್ತಿದೆ," ಎಂದ. ಅವನು ಪುಸ್ತಕ ಓದಿದ್ದ.

"ನಾವೆಲ್ಲ ಕುರುಡರು ಅಂತ ಬರೆದಿದ್ದೀಯ. ಆ 'ಎಲ್ಲ'ದಲ್ಲಿ ನನ್ನೂ ಸೇರಿಸಿಬಿಟ್ಯಾ?"

ಫಿರ್ಮಾಂ ಕೋಲಿನ ಗಂಟು ಬಿಗಿದ.

"ನಿನಗೇನು ಕಾಣದೇ ಹೋಗಿತ್ತೇನೋ? ನಿನ್ನ ಮನೇಲೇ ಕೂತು ಹೇಳಿದ್ದೆ. ನೀನು ಕಿತ್ತಳೆ ಸುಲೀತಾ ಕೇಳ್ತಿದ್ದೆ."

ಓಕ್ತಾವನಿಗೆ ಅದೆಲ್ಲ ನೆನಪಿತ್ತು. ಪುಸ್ತಕದಲ್ಲಿ ಬರೆಯದೆ ಬಿಟ್ಟ ಇನ್ನೊಂದೂ ನೆನಪಿತ್ತು. "ಆವತ್ತೇ ನಾನು ನಿನ್ನನ್ನ ನಂಬಿದ್ದೆ ಫಿರ್ಮಾಂ," ಎಂದ. "ಒಂದೊಂದು ಮಾತನ್ನೂ ನಂಬಿದ್ದೆ. ಒಪ್ಪಿಕೊಂಡಿದ್ರೆ ನಮ್ಮವರೆಲ್ಲ ನನ್ನ ಕೈಬಿಡ್ತಿದ್ರು."

"ಗೊತ್ತು. ನಿನ್ನ ಮುಖ ನೋಡಿದ್ನಲ್ಲ. ನೀನು ನಂಬದೇ ಬರೆದಿದ್ರೆ ನಾನು ಯಾವತ್ತೋ ಮರೀತಿದ್ದೆ."

ಮುಂದಿನ ಮುದ್ರಣದಲ್ಲಿ ಎಲ್ಲವನ್ನೂ ಹೆಸರು ಹಿಡಿದೇ ಬರೆಯುತ್ತೇನೆ ಎಂದು ಓಕ್ತಾವ್ ಅಂಗಲಾಚಿದ. ಫಿರ್ಮಾಂ ಕೂಡದೆಂದು ಕತ್ತು ಅಲ್ಲಾಡಿಸಿದ. ಇಲ್ಲಿ ತಾನು ಲ್ಯಾಟಿನ್ ಮೇಷ್ಟ್ರು, ಬೀದಿಯಲ್ಲಿ ಹಳೇ ವಿದ್ಯಾರ್ಥಿಗಳು ಟೋಪಿ ತೆಗೆದು ನಮಸ್ಕರಿಸುತ್ತಾರೆ, ಒಂದು ಕಾಲದಲ್ಲಿ ಪ್ಯಾರಿಸ್ಸೆಲ್ಲ ನೋಡಿ ನಕ್ಕ ಮನುಷ್ಯ ಇವನೇ ಎಂದು ಅವರಿಗೆ ಈಗ ತಿಳಿಯುವುದು ಬೇಡ ಎಂದ. "ನಿನ್ನ ಪುಸ್ತಕ ಚೆಂದ ಆಗಲಿ ಅಂತ ನನ್ನ ಮತ್ತೆ ಎಳೀಬೇಡ," ಎಂದು ಮಾತು ಮುಗಿಸಿದ.

ಆಲಿನ್ ಎಲೆಕೋಸು, ಹಂದಿಮಾಂಸ ಹಾಕಿದ ಸೂಪು ಬಡಿಸಿದಳು. ಮೂವರೂ ಹವಾಮಾನದ ಮಾತಾಡಿಕೊಂಡು ಉಂಡರು. ಹೊರಡುವಾಗ ಫಿರ್ಮಾಂ ಗೇಟಿನವರೆಗೆ ಬಂದ. ಕೈ ಮಾತ್ರ ಚಾಚಲಿಲ್ಲ.

ಶರತ್ಕಾಲದಲ್ಲಿ ರೇಡಿಯೋದವರು ಓಕ್ತಾವನನ್ನು ಕರೆದರು. ಸತ್ಯ ನಿಮಗೆ ಯಾವಾಗ ತಿಳಿಯಿತು ಎಂಬ ಪ್ರಶ್ನೆ ಕಾರ್ಯಕ್ರಮದ ಕೊನೆಯಲ್ಲಿ ಬಂತು. ನಾನು ಕುರುಡನಾಗಿರಲಿಲ್ಲ, ಒಬ್ಬ ಗೆಳೆಯ ಎಲ್ಲವನ್ನೂ ಕಂಡು ಬಂದು ನನಗೆ ಹೇಳಿದ್ದ, ನಂಬಿಯೂ ಅವನ ಮಾನ ಕಳೆದೆ ಎಂದು ಓಕ್ತಾವ್ ಒಂದೇ ಉಸಿರಿಗೆ ಹೇಳಿದ. ಹೆಸರು ಹೇಳಲಿಲ್ಲ. ಹೊರಗೆ ಬಂದಾಗ ಎದೆಯ ಭಾರ ಕೊಂಚ ಇಳಿದಂತಿತ್ತು. ಫಿರ್ಮಾಂ ಕೇಳಿಯೇ ಇರುತ್ತಾನೆ ಎಂದುಕೊಂಡು ಅವನ ಒಂದು ಮಾತಿಗಾಗಿ ಕಾದ. ಚಳಿಗಾಲದ ಹೊತ್ತಿಗೆ ಕಾಯಲಾರದೆ ತಾನೇ ಫೋನ್ ಮಾಡಿದ.

ಫೋನ್ ಎತ್ತಿದವಳು ಆಲಿನ್. ಫಿರ್ಮಾಂ ಹೋಗಿ ವಾರವಾಗಿತ್ತು, ಮಣ್ಣೂ ಆಗಿತ್ತು.

ರೇಡಿಯೋದಲ್ಲಿ ಬಂದ ತನ್ನ ಮಾತನ್ನು ಫಿರ್ಮಾಂ ಕೇಳಿದ್ದನೇ ಎಂದು ಓಕ್ತಾವ್ ವಿಚಾರಿಸಿದ.

"ಇವರು ರೇಡಿಯೋ ಹಾಕಿದ್ರು," ಎಂದಳು ಆಲಿನ್. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. "ನಿಮ್ಮನ್ನ ಹೊಗಳೋಕೆ ಶುರು ಮಾಡಿದ್ರಲ್ಲ, ಅಲ್ಲಿಗೇ ಇವರು ಆರಿಸಿಬಿಟ್ರು. ಆಮೇಲೆ ನೀವು ಏನಾದ್ರೂ ಹೇಳಿದ್ರಾ?"

"ಅಂಥದ್ದೇನಿಲ್ಲ," ಎಂದ ಓಕ್ತಾವ್.