ಕರಿಗುಂಡ ಸ್ಟೇಷನ್ನಿನ ಬಾವಿ

ಕರಿಗುಂಡ ಸ್ಟೇಷನ್ನಿನಲ್ಲಿ ರೈಲು ನಿಲ್ಲುವುದು ತಪ್ಪಿ ಇಪ್ಪತ್ತಾರು ವರ್ಷವಾಗಿದೆ. ಟಿಕೆಟ್ ಕಿಟಕಿಗೆ ಇಟ್ಟಿಗೆ ಕಟ್ಟಿದ್ದಾರೆ, ಪ್ಲಾಟ್‌ಫಾರ್ಮಿನ ಕಲ್ಲುಗಳು ಊರವರ ಕಟ್ಟೆಗಳಾಗಿವೆ. ಉಳಿದಿರುವುದು ಉಗಿ ಎಂಜಿನ್ನುಗಳಿಗೆ ನೀರು ತುಂಬಲೆಂದು ತೋಡಿದ ಬಾವಿ. ರೈಲ್ವೆಯ ಒಪ್ಪಿಗೆ ಪಡೆದು ಪಂಚಾಯಿತಿ ತೀರ್ಮಾನಿಸಿತ್ತು: ನೀರು ಕುಡಿಯಲು ಬರುವಂತಿದ್ದರೆ ಪಂಪು, ಇಲ್ಲದಿದ್ದರೆ ಮಣ್ಣು. ಪರೀಕ್ಷೆಯ ಹೊಣೆ, ರಾಯಚೂರಿನ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವ ಊರಿನ ಮಗಳು ಸುಜಾತಾಳಿಗೆ ಬಂತು.

ಬಾವಿ ಉಳಿಯಬೇಕೆಂದು ಎಲ್ಲರಿಗಿಂತ ಹೆಚ್ಚು ಬಯಸಿದ್ದವಳು ಅವಳ ತಾಯಿ ಮಾನಮ್ಮ. ಊರೊಳಗಿನ ಬಾವಿಯಲ್ಲಿ ಅವರ ಕೇರಿಯ ಹೆಂಗಸರು ಕೊಡ ಕೆಳಗಿಟ್ಟು, ಯಾರಾದರೂ ಮೇಲಿನಿಂದ ನೀರು ಸುರಿಯುವವರೆಗೆ ಕಾಯಬೇಕಾಗಿತ್ತು. ಸ್ಟೇಷನ್ನಿನ ಬಾವಿಯಲ್ಲಿ ಯಾರನ್ನೂ ಕೇಳಬೇಕಿರಲಿಲ್ಲ. ಮದುವೆಯಾಗಿ ಬಂದ ವಾರದಲ್ಲೇ ಮಾನಮ್ಮ ಅಲ್ಲಿ ತನ್ನ ಹಗ್ಗ ತಾನೇ ಇಳಿಸಿದಳು. ಮುಂದೆ ಇಪ್ಪತ್ತು ವರ್ಷ, ಒಂದು ಮೈಲಿ ನಡೆದು ಅದೇ ನೀರು ತಂದಳು.

ಸುಜಾತಾ ಮೂರು ಆಳಗಳಿಂದ ನೀರು ತೆಗೆದು ಎರಡೆರಡು ಸಲ ಪರೀಕ್ಷಿಸಿದಳು. ಫ್ಲೋರೈಡ್ ಲೀಟರಿಗೆ ಮೂರು ಮಿಲಿಗ್ರಾಂ ದಾಟಿತ್ತು, ಮಿತಿ ಒಂದೂವರೆ. ತನ್ನ ಕೈಯಲ್ಲೇ ತಪ್ಪಾಗಿರಲಿ ಎಂದುಕೊಂಡು ಮತ್ತೆ ನೀರು ತಂದಳು. ಅಂಕಿ ಬದಲಾಗಲಿಲ್ಲ.

ಭಾನುವಾರ ವರದಿ ಹಿಡಿದು ಬಂದವಳು ಅಡಿಗೆಮನೆಯ ಹೊಸ್ತಿಲಲ್ಲೇ ನಿಂತಳು. ಮಾನಮ್ಮ ರೊಟ್ಟಿ ಬಡಿಯುತ್ತಿದ್ದಳು.

"ಏನ್ ಬೇ, ಮಾರಿ ಸಣ್ಣದು ಮಾಡ್ಕೊಂಡು ನಿಂತಿ? ಫೇಲ್ ಆತೇನು ನನ್ನ ಬಾವಿ?"

"ಹೂಂ ಯವ್ವಾ. ನೀರಾಗ ಫ್ಲೋರೈಡ್ ಭಾಳ ಅದ. ಸಣ್ಣ ಮಕ್ಕಳು ಕುಡದ್ರ ಹಲ್ಲು ಕಂದಾಗ್ತಾವ."

ಮಾನಮ್ಮನ ಕೈ ನಿಂತಿತು. "ನಿನ್ನಂಗ?"

"ನನ್ನಂಗ."

"ಮತ್ತ ನೀ ಹಲ್ಲು ತಿಕ್ಕಂಗಿಲ್ಲಂತ ಇದ್ದಿಲು ಹಚ್ಚಿ ತಿಕ್ಕಿದ್ನಲ್ಲ, ಬಡದಿದ್ನಲ್ಲ?"

"ಸುಮ್ಮಸುಮ್ಮನ ಬಡಸ್ಕೊಂಡೆ," ಎಂದು ಸುಜಾತಾ ನಕ್ಕಳು.

ಮಾನಮ್ಮ ನಗಲಿಲ್ಲ. ಹಿಟ್ಟಿನ ಕೈ ಸೆರಗಿಗೆ ಒರೆಸಿಕೊಂಡು ಬಂದು, ಮಗಳ ಮೇಲ್ದುಟಿಯನ್ನು ಹೆಬ್ಬೆರಳಿನಿಂದ ಎತ್ತಿ, ಕಲೆಗಳನ್ನು ಒಂದೊಂದಾಗಿ ನೋಡಿದಳು.

"ನಾನ ಹೊತ್ತು ತಂದು ಕುಡಿಸಿದ್ನಲ್ಲೇ."

"ನಿನಗೇನು ಗೊತ್ತಿತ್ತು? ಗೊತ್ತಿದ್ರ ಊರ ಬಾವಿಗೆ ಹೋಗಿ ನಿಲ್ತಿದ್ದಿಯೇನು?"

ಹಂಚಿನ ಮೇಲಿನ ರೊಟ್ಟಿ ಸೀಯುವ ವಾಸನೆ ಬಂತು.

"ನಿಲ್ತಿದ್ದೆ. ನಿನಗ ಆ ನೀರು ಕುಡಿಸಿ, ನಾ ಇದನ್ನ ಕುಡೀತಿದ್ನಿ."

ಸುಜಾತಾ ವರದಿಯನ್ನು ಮಡಚತೊಡಗಿದಳು. ಮಾನಮ್ಮ ಅದನ್ನು ಕಿತ್ತುಕೊಂಡು ಬಿಡಿಸಿದಳು.

"ಸಹಿ ಎಲ್ಲೈತಿ?"

"ಇನ್ನಾ ಮಾಡಿಲ್ಲ."

"ಮಾಡು. ಮುಚ್ಚಲಿ."

ಕಾಗದ ಅಲುಗದಂತೆ ಅದರ ಅಂಚನ್ನು ತಾನೇ ಒತ್ತಿ ಹಿಡಿದಳು.