ತಿಫಾ ಕಾಯಿಸುವ ಒಲೆ

ಮೆಸಾಕನ ತಿಫಾ ಡೋಲು ಬಾಯಿಬಿಟ್ಟರೆ ಊರಿಗೆ ಊರೇ ಬಾಗಿಲಿಗೆ ಬರುತ್ತಿತ್ತು. ಸಾವಿರಲಿ, ಸಭೆಯಿರಲಿ, ತೋಟಕ್ಕೂ ಕಡಲಿಗೂ ಸಾಸಿ ಬಿತ್ತು, ತೆರೆಯುವ ತನಕ ತೆಂಗಿನಕಾಯಿಗಾಗಲಿ ಲೋಲಾ ಚಿಪ್ಪಿಗಾಗಲಿ ಯಾರೂ ಕೈಹಚ್ಚಕೂಡದು ಎಂಬ ಕಟ್ಟಪ್ಪಣೆಯಿರಲಿ, ಎಲ್ಲ ಆ ಮರದ ಹೊಟ್ಟೆಯಿಂದಲೇ ಹೊರಡಬೇಕು. ಸಾರುವ ಕೆಲಸ ಅವನ ಮನೆತನದ್ದು. ಅಪ್ಪ ತೀರಿಕೊಂಡಾಗ ಅವನಿಗೆ ಬಾರಿಸಲು ಸರಿಯಾಗಿ ಬರುತ್ತಿರಲಿಲ್ಲ. ಅಪ್ಪನ ಕೈಯ ಗತ್ತೆಲ್ಲ ಬರುತ್ತಿದ್ದುದು ಅಕ್ಕ ಡೋರ್ಚಿಗೆ. ಹೆಂಗಸು ಬೀದಿಯಲ್ಲಿ ತಿಫಾ ಹಿಡಿಯುವಂತಿಲ್ಲವಲ್ಲ, ಅಡುಗೆಮನೆಯಲ್ಲಿ ಸಾಗುಮರದ ಹಿಟ್ಟಿನ ಗಂಜಿಯ ಮಡಕೆ ಬೋರಲು ಹಾಕಿ, ಅದರ ಮೇಲೆ ತಟ್ಟಿ ತಟ್ಟಿ ತಮ್ಮನಿಗೆ ಕಲಿಸಿದಳು.

ಕಡಲ ಗಾಳಿಗೆ ತಿಫಾದ ಆಡಿನ ಚರ್ಮ ಜೋತುಬೀಳುತ್ತದೆ. ಸಾರಲು ಹೊರಡುವ ಮುನ್ನ ಬೆಂಕಿಗೆ ಹಿಡಿದು ಬಿಗಿ ಮಾಡಿಕೊಳ್ಳಬೇಕು. ಮೆಸಾಕ ತನ್ನ ಮನೆಯಲ್ಲಿ ಒಲೆಯಿದ್ದರೂ ಅಕ್ಕನಿದ್ದ ಅಪ್ಪನ ಮನೆಗೇ ಹೋಗುತ್ತಿದ್ದ. ಬೇರೆ ಬೆಂಕಿಗೆ ಕಾಯಿಸಿದ ತಿಫಾದ ಮಾತು ಊರು ಕೇಳುವುದಿಲ್ಲ ಎನ್ನುವುದು ಅವರ ಮನೆಯ ನಂಬಿಕೆ. ಗಂಡ ಸತ್ತು ಒಂಟಿಯಾಗಿದ್ದ ಡೋರ್ಚಿ ತಾನೇ ಬೆರಳಿನಿಂದ ತಟ್ಟಿ ನೋಡಿ, ಸಾಕು ಎಂದ ಮೇಲೆಯೇ ಅವನು ಏಳುವುದು.

ಆ ಊರಿನ ಮುಖಂಡನಿಗೆ ರಾಜ ಎನ್ನುತ್ತಾರೆ. ಹೆಸರಿಗೆ ರಾಜ, ಬುದ್ಧಿ ಮಾತ್ರ ಕಣ್ಣು ಮುಚ್ಚಿ ಹಾಲು ಕುಡಿಯುವ ಬೆಕ್ಕಿನದು. ಸಾಸಿ ಬಿದ್ದು ಇನ್ನೂ ಬಿಸಿ ಆರಿರಲಿಲ್ಲ, ಅವನ ಅಳಿಯ ದೋಣಿಯಿಂದ ಮೂಟೆಗಟ್ಟಲೆ ಲೋಲಾ ಇಳಿಸುವುದನ್ನು ಮೆಸಾಕ ಬೆಳಗಿನ ಜಾವ ಕಣ್ಣಾರೆ ಕಂಡ. ಅಳಿಯನೂ ಇವನನ್ನು ಕಂಡ. ಮುಂದಿನ ವಾರ ರಾಜನ ಮನೆಯಿಂದ ಮೆಸಾಕನ ಸೋರುವ ಮಾಡಿಗೆ ಹೊಸ ತಗಡು ಬಂತು. ಯಾರೂ ಏನೂ ಕೇಳಲಿಲ್ಲ, ಯಾರೂ ಏನೂ ಹೇಳಲಿಲ್ಲ.

ಅದಾದ ಮೇಲೆ ಡೋರ್ಚಿ ಸಿಕ್ಕಿಬಿದ್ದಳು. ತನ್ನದೇ ಮರದ ಬುಡದಲ್ಲಿ ಬಿದ್ದಿದ್ದ ಒಂದು ಕಾಯಿ. ಸಾಸಿ ಇದ್ದಾಗ ಬಿದ್ದ ಕಾಯಿಯೂ ಊರಿನದೇ. ಸಾಸಿಯ ಕಾವಲಿನವರು ಕೇಳಿದಾಗ ಅವಳು ಸುಳ್ಳು ಹೇಳಲಿಲ್ಲ.

"ಬಿದ್ದಿತ್ತು, ಎತ್ಕೊಂಡೆ. ಸಾರಿಗೆ ಕಾಯಿ ಇರ್ಲಿಲ್ಲ," ಎಂದಳು.

ಅದಕ್ಕೆ ಶಿಕ್ಷೆ ಹಿಂದಿನಿಂದ ಬಂದದ್ದು. ಕದ್ದ ಕಾಯಿ ಕೊರಳಿಗೆ ಕಟ್ಟಿಕೊಂಡು, ತಾನು ಕಳ್ಳಿ ಎಂದು ತನ್ನ ಬಾಯಿಂದಲೇ ಕೂಗುತ್ತ ಊರೆಲ್ಲ ನಡೆಯಬೇಕು. ಬೆನ್ನ ಹಿಂದೆ ಸಾರುವವನು ತಿಫಾ ಬಾರಿಸುತ್ತ ಹೋಗಬೇಕು. ಮೆಸಾಕ ರಾಜನ ಜಗಲಿಗೆ ಓಡಿದ. ಅಕ್ಕನಿಗೆ ವಯಸ್ಸಾಗಿದೆ, ಇದೊಂದು ಸಲ ಬಿಡಿ ಎಂದು ಅಂಗಲಾಚಿದ. ರಾಜ ಕಾಫಿ ಆರಿಸಿಕೊಳ್ಳುತ್ತ ಎಲ್ಲ ಕೇಳಿಸಿಕೊಂಡ.

"ಪದ್ಧತಿ ಅಂದ್ಮೇಲೆ ನಿನ್ನಕ್ಕನೂ ಒಂದೇ ನನ್ನಕ್ಕನೂ ಒಂದೇ, ಮೆಸಾಕ್," ಎಂದ. ಆಮೇಲೆ ಕೇಳಿದ, "ಮನೆ ಸೋರೋದು ನಿಂತಿದೆ ತಾನೇ?"

ಮೆಸಾಕನ ನಾಲಿಗೆಯ ತುದಿಯಲ್ಲಿ ಲೋಲಾದ ಮೂಟೆಗಳಿದ್ದವು. ಒಂದು ಮಾತು ಆಡಿದ್ದರೆ ಸಾಕಿತ್ತು. ನಿಂತಿದೆ ಎಂದು ತಲೆಯಾಡಿಸಿ ಬಂದ. ಅಂಥ ಬಾಯಿ ಇದ್ದರೇನು, ಹೋದರೇನು.

ಭಾನುವಾರ ಇಗರ್ಜಿ ಬಿಟ್ಟ ಮೇಲೆ ಮೆರವಣಿಗೆ. ಅವತ್ತು ಅವನು ತಿಫಾ ಕಾಯಿಸಲು ಎಲ್ಲಿಗೆ ಹೋದಾನು? ಬಿಸಿಲಿಗಿಟ್ಟು ತಂದಿದ್ದ. ಡೋರ್ಚಿ ಇಗರ್ಜಿಗೆ ಉಟ್ಟಿದ್ದ ಕಪ್ಪು ಉಡುಪಿನಲ್ಲೇ, ಕೊರಳಲ್ಲಿ ಕಾಯಿ ತೂಗಾಡಿಸುತ್ತ, ತಾನು ಕಳ್ಳಿ ಎಂದು ಕೂಗುತ್ತ, ನೆಟ್ಟಗೆ ನಡೆದಳು. ಜನ ಬಾಗಿಲಿಗೆ ಬಂದರು. ಕೆಲವರು ನಕ್ಕರು. ರಾಜನ ಅಳಿಯನೂ ತೋಳು ಕಟ್ಟಿ ನಿಂತು ನೋಡಿದ. ಅವನ ಮುಂದೆ ಬಂದಾಗ ಮೆಸಾಕನ ಪೆಟ್ಟು ತಪ್ಪಿತು.

ಡೋರ್ಚಿ ನಿಂತಳು. ಹಿಂದೆ ತಿರುಗದೆಯೇ, ಮಡಕೆಯ ಮೇಲೆ ಕಲಿಸುತ್ತಿದ್ದಾಗಿನ ದನಿಯಲ್ಲೇ ಹೇಳಿದಳು.

"ಸರಿಯಾಗಿ ಬಾರ್ಸು ತಮ್ಮಾ. ಅಪ್ಪನ ಹೆಸರು ಕೆಡಿಸ್ಬೇಡ."

ಅವನು ಸರಿಯಾಗಿಯೇ ಬಾರಿಸಿದ. ಕೊನೆಯ ಮನೆಯವರೆಗೂ ಒಂದು ಪೆಟ್ಟೂ ತಪ್ಪಲಿಲ್ಲ. ಅಷ್ಟು ಚೆನ್ನಾಗಿ ಅವನು ಹುಟ್ಟಿದಾಗಿನಿಂದ ಬಾರಿಸಿರಲಿಲ್ಲ.

ಸಾಸಿ ತೆರೆಯುವ ದಿನ ಬಂತು. ಊರಿಗೆಲ್ಲ ಹಬ್ಬ, ಅದನ್ನು ಸಾರಬೇಕಾದವನು ಅವನೇ. ಚರ್ಮ ಒದ್ದೆ ಬಟ್ಟೆಯ ಹಾಗೆ ಜೋತುಬಿದ್ದಿತ್ತು. ಮೆಸಾಕ ತಿಫಾವನ್ನು ಎದೆಗವಚಿಕೊಂಡು ಅಪ್ಪನ ಮನೆಯ ಅಡುಗೆಕೋಣೆಯ ಹೊಸ್ತಿಲಲ್ಲಿ ನಿಂತ. ಒಳಗೆ ಒಲೆ ನಿಗಿನಿಗಿ ಉರಿಯುತ್ತಿತ್ತು, ಮೇಲೆ ಮೀನು ಬೇಯುತ್ತಿತ್ತು. ಅವನು ಅಕ್ಕಾ ಎಂದ. ಅಳಿಯನ ಮೂಟೆಗಳನ್ನು ತಾನು ಕಂಡದ್ದು, ತಗಡು ಬಂದದ್ದು, ಎಲ್ಲ ತೊದಲುತ್ತ ಹೇಳಿದ. ಈಗಲಾದರೂ ಊರಿಗೆಲ್ಲ ಹೇಳಲೇನು ಎಂದು ಕೇಳಿದ.

ಡೋರ್ಚಿ ಕೊನೆಯವರೆಗೂ ಕೇಳಿದಳು. ಆಮೇಲೆ ಮೀನಿನ ಪಾತ್ರೆ ಇಳಿಸಿ ಪಕ್ಕಕ್ಕಿಟ್ಟು, ಕೊಡದಲ್ಲಿದ್ದ ನೀರನ್ನೆಲ್ಲ ಒಲೆಗೆ ಸುರಿದಳು. ಬೂದಿ ಎದ್ದು ಕೋಣೆಯೆಲ್ಲ ತುಂಬಿತು.

"ರಾಜನ ಮನೇಲಿ ದೊಡ್ಡ ಒಲೆ ಇದೆ," ಎಂದಳು. "ಅಲ್ಲೇ ಕಾಯಿಸ್ಕೋ ಹೋಗು."

ಮೆಸಾಕ ಬೀದಿಗೆ ಬಂದು ಮೊದಲ ಮನೆಯ ಮುಂದೆ ನಿಂತು ಬಾರಿಸಿದ. ತಿಫಾ ಗೋಣಿಚೀಲಕ್ಕೆ ಹೊಡೆದಂತೆ ಸದ್ದು ಮಾಡಿತು. ಅವನು ಮತ್ತೆ ಬಾರಿಸಿದ. ಯಾವ ಮನೆಯ ಬಾಗಿಲೂ ತೆರೆಯಲಿಲ್ಲ.